ಮೂರು ದಿನದ ಬಿಡುವು: ಪಂದ್ಯಗಳ ವೇಳಾಪಟ್ಟಿ ಮತ್ತು ತಂಡಗಳ ಓಡಾಟ

ಯಾರು ಯಾರೊಡನೆ ಆಡಬೇಕು, ಎಲ್ಲಿ ಆಡಬೇಕು, ಯಾವಾಗ ಆಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಹೇಳುವುದು ಟೂರ್ನಿಯ ವೇಳಾಪಟ್ಟಿ. ಮೊದಲನೆಯದು ಸಲೀಸು. ಲೀಗ್ ಎಂದ ಮೇಲೆ ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೆ ಆಡುತ್ತಾರೆ. ತಕರಾರು ಹುಟ್ಟುವುದು ಉಳಿದ ಎರಡರಲ್ಲಿ. 2025-26ರ ರಣಜಿ ಟ್ರೋಫಿಯ ಮೊದಲ ಹಂತದಲ್ಲಿ ಕರ್ನಾಟಕ ತಂಡದ ಪಾಲಿಗೆ ಬಂದ ಪಂದ್ಯಗಳು ಹೀಗಿದ್ದವು: ಅಕ್ಟೋಬರ್ 15ರಿಂದ 18ರವರೆಗೆ ರಾಜ್‌ಕೋಟ್‌ನಲ್ಲಿ ಸೌರಾಷ್ಟ್ರ, 25ರಿಂದ 28ರವರೆಗೆ ಶಿವಮೊಗ್ಗದ ನವುಲೆಯಲ್ಲಿ ಗೋವಾ, ನವೆಂಬರ್ 1ರಿಂದ 4ರವರೆಗೆ ತಿರುವನಂತಪುರದ ಸಮೀಪದ ಮಂಗಳಾಪುರಂನಲ್ಲಿ ಕೇರಳ, 8ರಿಂದ 11ರವರೆಗೆ ಪುಣೆಯಲ್ಲಿ ಮಹಾರಾಷ್ಟ್ರ, 16ರಿಂದ 19ರವರೆಗೆ ಹುಬ್ಬಳ್ಳಿಯಲ್ಲಿ ಚಂಡೀಗಡ. ರಾಜ್‌ಕೋಟ್ ಮತ್ತು ಶಿವಮೊಗ್ಗದ ನಡುವೆ ಆರು ದಿನ ಸಿಕ್ಕಿತು. ದೀಪಾವಳಿ ಅಲ್ಲೇ ಬಂದಿತ್ತು. ಶಿವಮೊಗ್ಗದಿಂದ ತಿರುವನಂತಪುರಕ್ಕೆ ಮೂರು ದಿನ, ಅಲ್ಲಿಂದ ಪುಣೆಗೆ ಮತ್ತೆ ಮೂರು ದಿನ. ಕಾಗದದ ಮೇಲೆ ಇವೆಲ್ಲ ಬಿಡುವಿನ ದಿನಗಳು. ನಿಜದಲ್ಲಿ ಅವುಗಳ ಬಹುಪಾಲು ಬಸ್ಸಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಹೋಟೆಲಿನ ಕೌಂಟರಿನ ಮುಂದೆ ಕಳೆಯುತ್ತವೆ.

ರಣಜಿಯಲ್ಲಿ ಈಗ 38 ತಂಡಗಳಿವೆ. 32 ತಂಡಗಳು ಎಲೀಟ್ ವಿಭಾಗದ ನಾಲ್ಕು ಗುಂಪುಗಳಲ್ಲಿ, ಗುಂಪಿಗೆ ಎಂಟರಂತೆ. ಉಳಿದ ಆರು ಪ್ಲೇಟ್ ವಿಭಾಗದಲ್ಲಿ. ಎಂಟು ತಂಡಗಳ ಗುಂಪಿನಲ್ಲಿ 28 ಪಂದ್ಯ, ಏಳು ಸುತ್ತು. ಪ್ಲೇಟ್‌ನ 15 ಸೇರಿಸಿದರೆ ಲೀಗ್ ಹಂತದಲ್ಲೇ 127 ಪಂದ್ಯಗಳು. ಎಲ್ಲರೂ ಆಡುವ ಸುತ್ತಿನಲ್ಲಿ ದೇಶದ 19 ಮೈದಾನಗಳು ಒಂದೇ ಬೆಳಿಗ್ಗೆ ಸಿದ್ಧವಿರಬೇಕು. 19 ಪಿಚ್, 19 ಜೋಡಿ ಅಂಪೈರ್‌ಗಳು, 38 ತಂಡಗಳಿಗೆ ಉಳಿಯುವ ವ್ಯವಸ್ಥೆ.

ಎಲ್ಲರೂ ಎಲ್ಲರೊಡನೆ ಆಡುವಂತೆ ಸುತ್ತುಗಳನ್ನು ಕಟ್ಟಲು ಹಳೆಯದೊಂದು ಉಪಾಯವಿದೆ. ಅರವತ್ತರ ದಶಕದ ರಣಜಿ ದಕ್ಷಿಣ ವಲಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು: ಮೈಸೂರು, ಮದ್ರಾಸ್, ಹೈದರಾಬಾದ್, ಆಂಧ್ರ, ಕೇರಳ. ಐದು ಬೆಸ ಸಂಖ್ಯೆಯಾದ್ದರಿಂದ 'ವಿರಾಮ' ಎಂಬ ಆರನೆಯ ಹೆಸರೊಂದನ್ನು ಸೇರಿಸಬೇಕು. ಮೇಲಿನ ಸಾಲಿನಲ್ಲಿ ಮೈಸೂರು, ಮದ್ರಾಸ್, ಹೈದರಾಬಾದ್. ಅವುಗಳ ಕೆಳಗೆ ಕ್ರಮವಾಗಿ ವಿರಾಮ, ಕೇರಳ, ಆಂಧ್ರ. ಮೇಲೆ ಕೆಳಗೆ ಇರುವವರು ಎದುರಾಳಿಗಳು. ಹಾಗಾಗಿ ಮೊದಲ ಸುತ್ತಿನಲ್ಲಿ ಮದ್ರಾಸಿಗೆ ಕೇರಳ, ಹೈದರಾಬಾದಿಗೆ ಆಂಧ್ರ, ಮೈಸೂರಿಗೆ ರಜೆ. ಮುಂದಿನ ಸುತ್ತಿಗೆ ಮೈಸೂರನ್ನು ಅಲುಗಿಸದೆ ಉಳಿದವರನ್ನು ಒಂದೊಂದು ಮನೆ ಪ್ರದಕ್ಷಿಣೆ ಬರಿಸಬೇಕು. ಆಗ ಮೈಸೂರಿನ ಕೆಳಗೆ ಕೇರಳ ಬರುತ್ತದೆ, ಮದ್ರಾಸಿನ ಕೆಳಗೆ ಹೈದರಾಬಾದ್, ಆಂಧ್ರಕ್ಕೆ ವಿರಾಮ. ಹೀಗೆ ನಾಲ್ಕು ಸಲ ತಿರುಗಿಸಿ ಐದು ಸುತ್ತು ಆಡಿಸಿದರೆ ಹತ್ತೂ ಪಂದ್ಯಗಳು ಮುಗಿದಿರುತ್ತವೆ. ಶಾಲಾ ವಾಲಿಬಾಲ್ ಪಂದ್ಯಾವಳಿಗೂ ಇದೇ ಲೆಕ್ಕ ಸಾಕು.

ಆದರೆ ಇದು ಸಾಧ್ಯವಿರುವ ಹಲವು ದಾರಿಗಳಲ್ಲಿ ಒಂದು ಮಾತ್ರ. ಎಂಟು ತಂಡಗಳನ್ನು ಏಳು ಸುತ್ತುಗಳಾಗಿ ಜೋಡಿಸಲು 6,240 ಬಗೆಗಳಿವೆ ಎಂದು ಗಣಿತಜ್ಞರು ಎಣಿಸಿದ್ದಾರೆ. ಪ್ರತಿ ಬಗೆಯಲ್ಲೂ ಸುತ್ತುಗಳನ್ನು ಹಿಂದುಮುಂದು ಮಾಡಲು 5,040 ದಾರಿ. ಎರಡನ್ನೂ ಗುಣಿಸಿದರೆ 3 ಕೋಟಿ 14 ಲಕ್ಷ ದಾಟುತ್ತದೆ. ಪಂದ್ಯ ಯಾರ ಊರಿನಲ್ಲಿ ಎಂಬ ಪ್ರಶ್ನೆಯನ್ನು ಇದರಲ್ಲಿ ಇನ್ನೂ ಮುಟ್ಟಿಯೇ ಇಲ್ಲ.

ಆ ಪ್ರಶ್ನೆಯಲ್ಲೇ ಸ್ವಾರಸ್ಯ ಇರುವುದು. ಒಂದು ಪಂದ್ಯ ತವರಿನಲ್ಲಿ, ಮುಂದಿನದು ಹೊರಗೆ, ಮತ್ತೆ ತವರಿನಲ್ಲಿ ಎಂಬ ಏರಿಳಿತವಿಲ್ಲದ ಸರದಿ ಎಲ್ಲ ತಂಡಗಳಿಗೂ ಇಷ್ಟ. ಅದನ್ನು ಎಲ್ಲರಿಗೂ ಕೊಡಲು ಆಗುವುದಿಲ್ಲ. ಭಾರತದ ಕ್ರಿಕೆಟ್ ಮಂಡಳಿಗೆ ಮನಸ್ಸಿದ್ದರೂ ಆಗುವುದಿಲ್ಲ. ಕಾರಣ ಸರಳ. ಎರಡು ತಂಡಗಳ ತವರು–ಹೊರಗಿನ ಸರದಿ ಪೂರ್ತಿ ಒಂದೇ ಆಗಿದ್ದರೆ ಪ್ರತಿ ಸುತ್ತಿನಲ್ಲೂ ಇಬ್ಬರೂ ಮನೆಯಲ್ಲಿರುತ್ತಾರೆ ಅಥವಾ ಇಬ್ಬರೂ ಹೊರಗಿರುತ್ತಾರೆ. ಅವರಿಬ್ಬರು ಭೇಟಿಯಾಗುವುದೇ ಇಲ್ಲ. ಆದ್ದರಿಂದ ಪ್ರತಿ ತಂಡದ ಸರದಿಯೂ ಬೇರೆ ಇರಬೇಕು. ಚಾಚೂ ತಪ್ಪದ ಸರದಿಗಳು ಇರುವುದೇ ಎರಡು: ತವರಿನಿಂದ ಶುರುವಾಗುವುದು, ಹೊರಗಿನಿಂದ ಶುರುವಾಗುವುದು. ಎಂಟು ತಂಡಗಳಲ್ಲಿ ಹೆಚ್ಚೆಂದರೆ ಎರಡಕ್ಕೆ ಆ ಭಾಗ್ಯ. ಉಳಿದ ಆರು ತಂಡಗಳು ಎಲ್ಲೋ ಒಂದು ಕಡೆ ಬೆನ್ನುಬೆನ್ನಿಗೆ ಎರಡು ಪಂದ್ಯ ಹೊರಗೆ ಅಥವಾ ತವರಿನಲ್ಲಿ ಆಡಲೇಬೇಕು. ಕರ್ನಾಟಕಕ್ಕೆ ತಿರುವನಂತಪುರ ಮತ್ತು ಪುಣೆ ಒಂದರ ಹಿಂದೊಂದು ಬಂದದ್ದು ಹೀಗೆ. ಸಾಲದೆಂಬಂತೆ ಏಳು ಬೆಸ ಸಂಖ್ಯೆ. ಯಾವ ತಂಡಕ್ಕೂ ಸಮಪಾಲು ಸಿಗದು. ಕೆಲವರಿಗೆ ನಾಲ್ಕು ತವರಿನ ಪಂದ್ಯ, ಕೆಲವರಿಗೆ ಮೂರು.

ಇದರ ಮೇಲೆ ಒಟ್ಟು ಪ್ರಯಾಣದ ದೂರವನ್ನೂ ಕನಿಷ್ಠಕ್ಕೆ ಇಳಿಸಬೇಕು ಎಂದರೆ ಲೆಕ್ಕ ಕಗ್ಗಂಟಾಗುತ್ತದೆ. ಅಮೆರಿಕದ ಬೇಸ್‌ಬಾಲ್ ಲೀಗನ್ನು ಮುಂದಿಟ್ಟುಕೊಂಡು ಕೆಲ್ಲಿ ಈಸ್ಟನ್, ಜಾರ್ಜ್ ನೆಮ್‌ಹೌಸರ್, ಮೈಕೆಲ್ ಟ್ರಿಕ್ ಎಂಬ ವಿದ್ವಾಂಸರು 2001ರಲ್ಲಿ ಇದನ್ನು ಒಂದು ಗಣಿತ ಸಮಸ್ಯೆಯಾಗಿ ರೂಪಿಸಿದರು. ನಾಲ್ಕಾರು ತಂಡಗಳಿಗೆ ಕಂಪ್ಯೂಟರ್ ಚಕಚಕನೆ ಉತ್ತರ ಹೇಳುತ್ತದೆ. ತಂಡಗಳ ಸಂಖ್ಯೆ ಹತ್ತರ ಹತ್ತಿರ ಬರುವಷ್ಟರಲ್ಲಿ ಅದಕ್ಕೂ ಏದುಸಿರು. ಹೀಗಾಗಿ ಕ್ರೀಡಾ ಮಂಡಳಿಗಳು ಸಾಮಾನ್ಯವಾಗಿ ಅತ್ಯುತ್ತಮ ಪಟ್ಟಿಯ ಆಸೆ ಬಿಟ್ಟು, ಯಾರೂ ವಿಪರೀತ ನರಳದ ಪಟ್ಟಿಯೊಂದಕ್ಕೆ ತೃಪ್ತಿಪಡುತ್ತವೆ.

ಹಳೆಯ ರಣಜಿ ಈ ಕಗ್ಗಂಟನ್ನು ಬಿಡಿಸಲು ಹೋಗಲಿಲ್ಲ. ಅದನ್ನು ಹತ್ತಿರಕ್ಕೇ ಸೇರಿಸಲಿಲ್ಲ. 1957-58ರಿಂದ ಪ್ರತಿ ವಲಯದೊಳಗೆ ಲೀಗ್, ಅದರಲ್ಲಿ ಗೆದ್ದವರಿಗಷ್ಟೇ ದೂರದ ಪ್ರಯಾಣ. ರೈಲಿನ ಕಾಲಕ್ಕೆ ತಕ್ಕ ಏರ್ಪಾಡು ಅದು. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1967ರಲ್ಲಿ ಮೈಸೂರು ತಂಡದ ಪರ ಮೊದಲ ರಣಜಿ ಪಂದ್ಯ ಆಡಿದ್ದು ಆಂಧ್ರದ ವಿಜಯವಾಡದಲ್ಲಿ, ಹೊರಗಿನ ಮೈದಾನದಲ್ಲಿ. ಆ ಪದಾರ್ಪಣೆಯಲ್ಲೇ ಅವರು 230 ರನ್ ಹೊಡೆದರು. ಅಂದಿನ ಮೈಸೂರು ಆಟಗಾರನಿಗೆ ಒಂದು ಋತುವಿನ ಲೀಗ್ ಎಂದರೆ ನಾಲ್ಕೇ ಪಂದ್ಯ, ಅದೂ ದಕ್ಷಿಣದ ಎಲ್ಲೆಯೊಳಗೆ. ವಲಯ ಗೆದ್ದ ಮೇಲಷ್ಟೇ ಬಾಂಬೆ, ದೆಹಲಿಗಳ ಮಾತು. 1973-74ರಲ್ಲಿ ಕರ್ನಾಟಕ ಮೊದಲ ಸಲ ಟ್ರೋಫಿ ಗೆದ್ದಾಗ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಸೋಲಿಸಿದ್ದು ಬೆಂಗಳೂರಿನಲ್ಲಿ. ಫೈನಲ್‌ಗೆ ಮಾತ್ರ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಮಣಿಸಬೇಕಾಯಿತು.

ವಲಯ ಪದ್ಧತಿಗೆ ಅದರದ್ದೇ ಕೊರತೆ ಇತ್ತು. ಗಟ್ಟಿ ತಂಡಗಳು ದುರ್ಬಲರ ಮೇಲೆ ರನ್ ಗುಡ್ಡೆ ಹಾಕುತ್ತಿದ್ದವು, ಬಾಂಬೆಯೂ ಕರ್ನಾಟಕವೂ ಮುಖಾಮುಖಿಯಾಗುವುದು ಅಪರೂಪವಾಗಿತ್ತು. 2002-03ರಲ್ಲಿ ವಲಯಗಳನ್ನು ಕೈಬಿಟ್ಟು ಎಲೀಟ್, ಪ್ಲೇಟ್ ಎಂಬ ದರ್ಜೆಗಳನ್ನು ತರಲಾಯಿತು. ಆಟದ ಮಟ್ಟಕ್ಕೆ ಅದು ಒಳ್ಳೆಯದೇ. ಅದರ ಬೆಲೆಯನ್ನು ಕಿಲೊಮೀಟರುಗಳಲ್ಲಿ ತೆರಬೇಕಾಯಿತು.

2016-17ರಲ್ಲಿ ಮಂಡಳಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆತಿಥೇಯರು ತಮಗೆ ಬೇಕಾದಂತೆ ಪಿಚ್ ಮಾಡಿಸಿಕೊಳ್ಳುತ್ತಾರೆಂಬ ದೂರಿಗೆ ಮದ್ದಾಗಿ ಎಲ್ಲ ಪಂದ್ಯಗಳನ್ನೂ ತಟಸ್ಥ ತಾಣಗಳಲ್ಲಿ ಇಡಲಾಯಿತು. ಫಲವಾಗಿ ನೆರೆಹೊರೆಯ ಕರ್ನಾಟಕ, ತಮಿಳುನಾಡು ತಂಡಗಳು ಕ್ವಾರ್ಟರ್ ಫೈನಲ್ ಆಡಲು ವಿಶಾಖಪಟ್ಟಣಕ್ಕೆ ಹೋದವು. ಅಷ್ಟು ದೂರ ಹೋಗಿ ಆಡಿದ ಪಂದ್ಯ ಎರಡೇ ದಿನದಲ್ಲಿ ಮುಗಿಯಿತು. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 88ಕ್ಕೆ ಉರುಳಿತ್ತು. ಅದೇ ಋತುವಿನ ನವೆಂಬರಿನಲ್ಲಿ ದೆಹಲಿಯ ಹೊಗೆಮಂಜಿನಿಂದಾಗಿ ಬಂಗಾಳ–ಗುಜರಾತ್, ಹೈದರಾಬಾದ್–ತ್ರಿಪುರಾ ಪಂದ್ಯಗಳು ಒಂದು ಎಸೆತವೂ ಇಲ್ಲದೆ ರದ್ದಾದವು. ದೆಹಲಿಗೆ ಸಂಬಂಧವೇ ಇಲ್ಲದ ನಾಲ್ಕು ತಂಡಗಳು ದೆಹಲಿಯ ಗಾಳಿಗೆ ದಂಡ ತೆತ್ತವು. ನೋಡುಗರೂ ಬರಲಿಲ್ಲ. ಮರುವರ್ಷವೇ ತವರಿನ ಪಂದ್ಯಗಳು ಮರಳಿದವು.

ಮರಳಿದ ಕೂಡಲೇ ಲಾಭ ಸಿಕ್ಕ ಊರುಗಳಲ್ಲಿ ಶಿವಮೊಗ್ಗ ಒಂದು. 2017ರ ಅಕ್ಟೋಬರಿನಲ್ಲಿ ಹೈದರಾಬಾದ್ ತಂಡ ನವುಲೆಯಲ್ಲಿರುವ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನಕ್ಕೆ ಬಂದಿತು. ಕರ್ನಾಟಕ 59 ರನ್‌ಗಳಿಂದ ಗೆದ್ದಿತು. 2020ರ ಫೆಬ್ರುವರಿಯಲ್ಲಿ ಮಧ್ಯಪ್ರದೇಶದ ಜೊತೆ ಡ್ರಾ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ಮೈದಾನ ಇರುವ ರಾಜ್ಯ ಸಂಸ್ಥೆಗೆ ಎಲ್ಲಿ ಯಾವ ಪಂದ್ಯ ಇಡಬೇಕು ಎಂಬುದು ಒಳಗಿನ ಇನ್ನೊಂದು ವೇಳಾಪಟ್ಟಿ. ಮಲೆನಾಡಿನ ಬಾಗಿಲಲ್ಲಿ ಕೂತಿರುವ ಶಿವಮೊಗ್ಗದ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಮಳೆಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಾಲ್ಕು ದಿನದ ಕ್ರಿಕೆಟ್ ಯೋಚನೆಯೂ ಬೇಡ. ಅಕ್ಟೋಬರಿನಲ್ಲಿ ಹಿಂಗಾರಿನ ಭಯ. ಜನವರಿ, ಫೆಬ್ರುವರಿ ಹೇಳಿಮಾಡಿಸಿದ ಕಾಲ. 2024ರ ಜನವರಿಯಲ್ಲಿ ಇದೇ ನವುಲೆಯಲ್ಲಿ ನಡೆದ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ 638 ಎಸೆತ ಎದುರಿಸಿ ಔಟಾಗದೆ 404 ರನ್ ಗಳಿಸಿದರು. ಒಣ ಹವೆ ಇಲ್ಲದಿದ್ದರೆ ಅಂಥ ಇನಿಂಗ್ಸ್ ಕಟ್ಟಲು ಸಮಯವೇ ಸಿಗುತ್ತಿರಲಿಲ್ಲ.

2025ರ ಗೋವಾ ಪಂದ್ಯ ಅಕ್ಟೋಬರಿನ ಪಾಲಾಯಿತು, ಮಳೆಯೂ ಕಾಟ ಕೊಟ್ಟಿತು. ಕರುಣ್ ನಾಯರ್ ಔಟಾಗದೆ 174 ರನ್ ಹೊಡೆದರು. ಗೋವಾ ಫಾಲೋಆನ್‌ಗೆ ಸಿಕ್ಕಿಬಿತ್ತು. ಆದರೂ ಪಂದ್ಯ ಡ್ರಾ. ರಣಜಿಯಲ್ಲಿ ಪೂರ್ಣ ಗೆಲುವಿಗೆ 6 ಅಂಕ, ಇನಿಂಗ್ಸ್ ಅಥವಾ ಹತ್ತು ವಿಕೆಟ್ ಗೆಲುವಾದರೆ ಮತ್ತೊಂದು. ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3, ಹಿಂದುಳಿದವರಿಗೆ 1. ಮುಗಿಯಬಹುದಾಗಿದ್ದ ಪಂದ್ಯವೊಂದು ಮುಗಿಯದೆ ಹೋದರೆ ಕನಿಷ್ಠ ಮೂರು ಅಂಕದ ನಷ್ಟ. ಏಳೇ ಪಂದ್ಯಗಳ ಲೀಗಿನಲ್ಲಿ ಅದು ನಾಕೌಟ್ ಹಂತದ ಬಾಗಿಲು ತೆರೆಯುವ ಅಥವಾ ಮುಚ್ಚುವ ಅಂತರ. ತಿಂಗಳ ಆಯ್ಕೆ ಎಂಬುದು ಕಚೇರಿಯ ಗುಮಾಸ್ತಿಕೆ ಅಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ.

ಮಳೆಯ ನಂತರದ ಪ್ರಶ್ನೆ ದಾರಿಯದು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಬೀರೂರಿನಲ್ಲಿ ಕವಲೊಡೆದು ತರೀಕೆರೆ, ಭದ್ರಾವತಿ ಮೂಲಕ ಬರುವ ರೈಲು ಮಾರ್ಗ ಹಳೆಯ ಆಸರೆ. ಜನಶತಾಬ್ದಿಯಲ್ಲಿ ಐದು ಗಂಟೆಯೊಳಗೆ ಬೆಂಗಳೂರು ಮುಟ್ಟಬಹುದು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. 3,200 ಮೀಟರಿನ ರನ್‌ವೇ ದೊಡ್ಡದೇ. ಆದರೆ ಬೆಂಗಳೂರಿನ ಮಾರ್ಗದಲ್ಲಿ ಹಾರುವುದು 78 ಆಸನದ ಎಟಿಆರ್. ಹದಿನೈದು ಹದಿನಾರು ಆಟಗಾರರು, ಕೋಚ್, ಫಿಸಿಯೊ, ಟ್ರೇನರ್ ಸೇರಿ ಇಪ್ಪತ್ತು ದಾಟುವ ತಂಡ ಒಂದೇ ವಿಮಾನದಲ್ಲಿ ಸೀಟು ಹಿಡಿಯಬೇಕು. ಆಳುದ್ದದ ಕಿಟ್ ಬ್ಯಾಗುಗಳಿಗೆ ಅದರ ಹೊಟ್ಟೆ ಸಣ್ಣದು. ಬ್ಯಾಗುಗಳು ರಸ್ತೆಯಲ್ಲಿ, ಆಟಗಾರರು ಆಕಾಶದಲ್ಲಿ ಎಂದು ಬೇರ್ಪಡಿಸುವ ಬದಲು ಎಲ್ಲವನ್ನೂ ಬಸ್ಸಿಗೆ ಹೇರುವುದೇ ಎಷ್ಟೋ ಸಲ ಜಾಣತನ.

ಈಗ ಆ ಮೂರು ದಿನದ ಬಿಡುವನ್ನು ಬಿಡಿಸಿ ನೋಡಬಹುದು. ಅಕ್ಟೋಬರ್ 28ರ ಸಂಜೆಯವರೆಗೆ ನವುಲೆಯಲ್ಲಿ ಆಟ. ಅಂದು ರಾತ್ರಿ ಗಂಟುಮೂಟೆ. ಶಿವಮೊಗ್ಗದಿಂದ ತಿರುವನಂತಪುರಕ್ಕೆ ನೇರ ವಿಮಾನವಿಲ್ಲ. ಬೆಂಗಳೂರಿಗೆ ಬಂದು ಅಲ್ಲಿಂದ ಹಾರಬೇಕು. ಒಂದು ದಿನ ಅಲ್ಲಿಗೆ ಖರ್ಚು. ಪಂದ್ಯದ ಹಿಂದಿನ ದಿನ, ಅಂದರೆ 31ರಂದು, ಪಿಚ್ ನೋಡುವುದು, ನೆಟ್ಸ್, ತಂಡದ ಸಭೆ. ನಡುವೆ ಉಳಿಯುವುದು 30 ಒಂದೇ. ನಾಲ್ಕು ದಿನದಲ್ಲಿ ಮೂವತ್ತು ನಲವತ್ತು ಓವರ್ ಎಸೆದ ವೇಗದ ಬೌಲರನ ಸೊಂಟ, ಹಿಮ್ಮಡಿಗಳು ಸುಧಾರಿಸಿಕೊಳ್ಳಲು ಆ ಒಂದು ದಿನ. ಬ್ಯಾಟರ್‌ಗಳ ಪಾಡು ಅಷ್ಟು ಕಷ್ಟದ್ದಲ್ಲ. ಶಿವಮೊಗ್ಗದಲ್ಲಿ 174 ಹೊಡೆದ ಕರುಣ್ ನಾಯರ್ ಮಂಗಳಾಪುರಂನಲ್ಲಿ 233 ಹೊಡೆದರು, ಕರ್ನಾಟಕ ಇನಿಂಗ್ಸ್ ಗೆಲುವು ಪಡೆಯಿತು. ಬಿಗಿಯಾದ ಪಟ್ಟಿ ಎಲ್ಲರನ್ನೂ ಒಂದೇ ರೀತಿ ಹಿಂಡುವುದಿಲ್ಲ. ಹಾಗಾಗಿಯೇ ಸರಾಸರಿ ತೆಗೆದು 'ಸಾಕಷ್ಟು ವಿಶ್ರಾಂತಿ ಇದೆ' ಎನ್ನುವುದು ಮೋಸದ ಲೆಕ್ಕ, ಅಳೆಯಬೇಕಾದ್ದು ಬೌಲರನನ್ನು.

ಈ ಮಾತನ್ನು 2024ರ ಮಾರ್ಚ್‌ನಲ್ಲಿ ಬೌಲರೇ ಎತ್ತಿದರು. ಮುಂಬೈ ತಂಡ ತಮಿಳುನಾಡನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ ಬೆನ್ನಲ್ಲೇ ಶಾರ್ದೂಲ್ ಠಾಕೂರ್, ಮೂರು ಮೂರು ದಿನದ ಅಂತರದಲ್ಲಿ ಹತ್ತು ಪಂದ್ಯ ಆಡಿಸುತ್ತಾ ಹೋದರೆ ಒಂದೆರಡು ವರ್ಷದಲ್ಲಿ ದೇಶದ ತುಂಬ ಗಾಯಾಳುಗಳಾಗುತ್ತಾರೆ ಎಂಬರ್ಥದ ಮಾತಾಡಿದರು. ಎದುರಾಳಿ ನಾಯಕ ಸಾಯಿ ಕಿಶೋರ್ ಅದಕ್ಕೆ ದನಿಗೂಡಿಸಿದರು. ಆಗ ಭಾರತ ತಂಡದ ಕೋಚ್ ಆಗಿದ್ದ ರಾಹುಲ್ ದ್ರಾವಿಡ್ ಕೂಡ ಆಟಗಾರರ ಮಾತು ಕೇಳಬೇಕೆಂದರು. ಮುಂದಿನ ಋತುವಿನಿಂದ ಮಂಡಳಿ ರಣಜಿಯನ್ನು ಎರಡಾಗಿ ಸೀಳಿತು: ಅಕ್ಟೋಬರ್–ನವೆಂಬರಿನಲ್ಲಿ ಐದು ಸುತ್ತು, ನಡುವೆ ಸೈಯದ್ ಮುಷ್ತಾಕ್ ಅಲಿ, ವಿಜಯ್ ಹಜಾರೆ ಟೂರ್ನಿಗಳು, ಜನವರಿ ಕೊನೆಗೆ ಉಳಿದ ಎರಡು ಸುತ್ತು. ಉತ್ತರ ಭಾರತದ ಡಿಸೆಂಬರ್ ಮಂಜನ್ನು ಇದು ಜಾಣತನದಿಂದ ತಪ್ಪಿಸುತ್ತದೆ. ಆದರೆ ಮೂರು ದಿನದ ಅಂತರ ಪೂರ್ತಿ ಹೋಗಲಿಲ್ಲ ಎಂಬುದಕ್ಕೆ ಮೇಲಿನ ದಿನಾಂಕಗಳೇ ಸಾಕ್ಷಿ.

ಭಾರತದ ಟೂರ್ನಿಗಳಿಗೆ ಒಂದು ಅದೃಷ್ಟವಿದೆ: ದೇಶಕ್ಕೆಲ್ಲ ಒಂದೇ ಗಡಿಯಾರ. ಗುವಾಹಟಿಯಲ್ಲಿ ಬೇಗ ಕತ್ತಲಾಗುತ್ತದೆಂದು 2025ರ ನವೆಂಬರಿನ ಟೆಸ್ಟ್ ಅನ್ನು ಬೆಳಿಗ್ಗೆ 9ಕ್ಕೇ ಶುರುಮಾಡಿ, ಊಟಕ್ಕಿಂತ ಮೊದಲು ಚಹಾ ವಿರಾಮ ಕೊಟ್ಟದ್ದು ವಿಚಿತ್ರ ಎನಿಸಿತು, ಅಷ್ಟೆ. ದೇಶಗಳ ನಡುವಿನ ಲೀಗ್ ಆದರೆ ದಣಿವಿನ ಜೊತೆಗೆ ದೇಹದ ಗಡಿಯಾರವೂ ಕೆಡುತ್ತದೆ. ಎರಡೂ ಒಂದೇ ಅಲ್ಲ. ದೂರ ಕೂತು ಬಂದ ದಣಿವು ಒಂದೆರಡು ರಾತ್ರಿಯ ನಿದ್ದೆಯಿಂದ ಇಳಿಯುತ್ತದೆ. ಗಡಿಯಾರದ ವ್ಯತ್ಯಾಸಕ್ಕೆ ಮಾತ್ರ ಗಂಟೆಗೆ ಒಂದು ದಿನದಂತೆ ಸಮಯ ಬೇಕು ಎಂಬುದು ಸ್ಥೂಲ ಲೆಕ್ಕ, ಪೂರ್ವಕ್ಕೆ ಹಾರಿದಾಗ ಇನ್ನೂ ಕಷ್ಟ.

ಇದನ್ನು ಮೈಮೇಲೆ ಎಳೆದುಕೊಂಡದ್ದು ಸೂಪರ್ ರಗ್ಬಿ. 1996ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ 12 ತಂಡಗಳೊಂದಿಗೆ ಅದು ಶುರುವಾಯಿತು. ದಕ್ಷಿಣ ಆಫ್ರಿಕಾಕ್ಕೂ ನ್ಯೂಜಿಲೆಂಡಿಗೂ ಹತ್ತು ಹನ್ನೊಂದು ಗಂಟೆಗಳ ವ್ಯತ್ಯಾಸ. ಒಂದು ಪಂದ್ಯಕ್ಕಾಗಿ ಅಷ್ಟು ದೂರ ಹೋಗಿಬರುವುದು ಅಸಾಧ್ಯವಾದ್ದರಿಂದ ಹೊರಗಿನ ಪಂದ್ಯಗಳನ್ನು ಒಟ್ಟುಗೂಡಿಸಿ ವಾರಗಟ್ಟಲೆ ಪ್ರವಾಸವನ್ನಾಗಿ ಮಾಡಬೇಕಾಯಿತು. 2016ರಲ್ಲಿ ಅರ್ಜೆಂಟೀನಾದ ಹಗ್ವಾರೆಸ್, ಜಪಾನಿನ ಸನ್‌ವುಲ್ವ್ಸ್ ಸೇರಿ ತಂಡಗಳು 18 ಆದವು. ಸನ್‌ವುಲ್ವ್ಸ್ ತನ್ನ 'ತವರಿನ' ಕೆಲವು ಪಂದ್ಯಗಳನ್ನು ಸಿಂಗಪುರದಲ್ಲಿ ಆಡಿತು. ಓಡಾಟ ತಗ್ಗಿಸಲು 2011ರಿಂದಲೇ ತಂದಿದ್ದ ಉಪಾಯ ನಮ್ಮ ರಣಜಿ ವಲಯಗಳದ್ದೇ ಇನ್ನೊಂದು ರೂಪ: ದೇಶವಾರು ಗುಂಪು, ಹೆಚ್ಚು ಪಂದ್ಯಗಳು ಒಳಗೊಳಗೆ. ಅದರ ಅನ್ಯಾಯವೂ ಅದೇ ಬಗೆಯದು. 2017ರಲ್ಲಿ ಆಸ್ಟ್ರೇಲಿಯಾ ಗುಂಪು ಗೆದ್ದ ಬ್ರಂಬೀಸ್‌ಗೆ ಇದ್ದದ್ದು 34 ಅಂಕ. 58 ಅಂಕದ ನ್ಯೂಜಿಲೆಂಡಿನ ಹರಿಕೇನ್ಸ್ ಕ್ವಾರ್ಟರ್ ಫೈನಲ್‌ಗಾಗಿ ಬ್ರಂಬೀಸ್ ಊರಿಗೆ ಹೋಗಬೇಕಾಯಿತು. ಹೋಗಿ ಗೆದ್ದಿತು ಎಂಬುದು ಬೇರೆ ಮಾತು. ತಂಡಗಳನ್ನು 15ಕ್ಕೆ ಇಳಿಸಿದರೂ ಭಾರ ತಗ್ಗಲಿಲ್ಲ. 2020ರ ಕೋವಿಡ್ ಗಡಿಗಳನ್ನು ಮುಚ್ಚಿದ ಮೇಲೆ ದಕ್ಷಿಣ ಆಫ್ರಿಕಾದ ದೊಡ್ಡ ತಂಡಗಳು ಯುರೋಪಿನ ಲೀಗ್ ಸೇರಿಕೊಂಡವು. ಅಲ್ಲಿಗೂ ದೂರವೇ, ಆದರೆ ಪ್ರಯಾಣ ಉತ್ತರ–ದಕ್ಷಿಣ, ಗಡಿಯಾರ ಹೆಚ್ಚು ಬದಲಾಗುವುದಿಲ್ಲ.

ಬಿಡುವಿನ ದಿನಗಳ ಹಂಚಿಕೆಯಲ್ಲಿ ಬಡವ–ಬಲ್ಲಿದ ಭೇದವೂ ನುಸುಳುತ್ತದೆ. 2015ರ ರಗ್ಬಿ ವಿಶ್ವಕಪ್‌ನಲ್ಲಿ ಜಪಾನ್ ಸೆಪ್ಟೆಂಬರ್ 19ರಂದು ದಕ್ಷಿಣ ಆಫ್ರಿಕಾವನ್ನು 34–32ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿತು. ನಾಲ್ಕೇ ದಿನದಲ್ಲಿ, 23ರಂದು, ಅದಕ್ಕೆ ಸ್ಕಾಟ್ಲೆಂಡ್ ಎದುರಾಯಿತು. ಸ್ಕಾಟ್ಲೆಂಡಿಗೆ ಅದು ಮೊದಲ ಪಂದ್ಯ, ದಣಿಯದ ಕಾಲುಗಳು. ಜಪಾನ್ 45–10ರಿಂದ ಸೋತಿತು. ಗುಂಪಿನ ನಾಲ್ಕರಲ್ಲಿ ಮೂರು ಗೆದ್ದರೂ ಕ್ವಾರ್ಟರ್ ಫೈನಲ್ ತಲುಪಲಿಲ್ಲ. ಟಿವಿ ಪ್ರೇಕ್ಷಕರ ವಾರಾಂತ್ಯದ ಪಂದ್ಯಗಳು ದೊಡ್ಡ ತಂಡಗಳಿಗೆ, ವಾರದ ನಡುವಿನ ಇಕ್ಕಟ್ಟು ಸಣ್ಣವರಿಗೆ ಎಂಬ ದೂರು ಹಳೆಯದಾಗಿತ್ತು. 2023ರ ಫ್ರಾನ್ಸ್ ವಿಶ್ವಕಪ್‌ಗೆ ಎಲ್ಲ ತಂಡಗಳಿಗೂ ಕನಿಷ್ಠ ಐದು ದಿನದ ವಿಶ್ರಾಂತಿ ಎಂದು ನಿಯಮವಾಯಿತು. ಆಟಗಾರರ ಸಂಖ್ಯೆಯನ್ನು 31ರಿಂದ 33ಕ್ಕೆ ಏರಿಸಿದರು. ಟೂರ್ನಿ ಸೆಪ್ಟೆಂಬರ್ 8ರಿಂದ ಅಕ್ಟೋಬರ್ 28ರವರೆಗೆ ಹಿಗ್ಗಿತು. ವಿಶ್ರಾಂತಿ ಬೇಕೆಂದರೆ ದಿನಗಳು ಬೇಕು, ದಿನಗಳಿಗೆ ಹಣ ಬೇಕು, ಇದಕ್ಕೆ ಅಡ್ಡದಾರಿಯಿಲ್ಲ.

ಪ್ರಯಾಣವನ್ನೇ ಅಳಿಸಿಹಾಕುವ ದಾರಿ ಮಾತ್ರ ಒಂದಿದೆ: ಎಲ್ಲರನ್ನೂ ಒಂದೇ ಊರಿನಲ್ಲಿ ಕೂರಿಸುವುದು. 2025ರ ಜೂನ್‌ನಲ್ಲಿ ಭಾರತದಲ್ಲಿ ಮೊದಲ ಸಲ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಹೀಗೇ ಮಾಡಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳು ಮುಂಬೈನ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಎರಡೆರಡು ಸಲ ಮುಖಾಮುಖಿಯಾದರೆ 30 ಪಂದ್ಯ, ನಾಕೌಟ್ ಸೇರಿ 34. ಎಲ್ಲವೂ ಜೂನ್ 15ರಿಂದ 29ರೊಳಗೆ. ಏಳೇಳು ಆಟಗಾರರ ಚುಟುಕು ರಗ್ಬಿಯಾದ್ದರಿಂದ ಇದು ನಡೆಯಿತು. ಹದಿನೈದು ಜನರ ಪೂರ್ಣ ರಗ್ಬಿಯಲ್ಲಿ ವಾರಕ್ಕೊಂದು ಪಂದ್ಯವೇ ಜಾಸ್ತಿ.

ರಾಜ್ಯದ ಮಹಾರಾಜ ಟ್ರೋಫಿ ಟಿ20 ಟೂರ್ನಿಯದೂ ಇದೇ ಮಾದರಿ. 2022ರಲ್ಲಿ ಅದು ಮೈಸೂರು, ಬೆಂಗಳೂರುಗಳಲ್ಲಿ ನಡೆಯಿತು; ಮುಂದಿನ ಎರಡು ವರ್ಷ ಬೆಂಗಳೂರಿನಲ್ಲಷ್ಟೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದ ನಂತರ ಆ ವರ್ಷದ ಟೂರ್ನಿಯನ್ನು ಪೂರ್ತಿಯಾಗಿ ಮೈಸೂರಿಗೆ ಸಾಗಿಸಲಾಯಿತು, ಆಗಸ್ಟ್ 11ರಿಂದ 28ರವರೆಗೆ. ಖರ್ಚು ಕಡಿಮೆ, ಪ್ರಸಾರದ ಕ್ಯಾಮೆರಾಗಳನ್ನು ಎತ್ತಿಡಬೇಕಿಲ್ಲ, ಆಟಗಾರರಿಗೆ ಒಂದೇ ಹಾಸಿಗೆ. ಪಟ್ಟಿ ಮಾಡುವವರಿಗೆ ಇದಕ್ಕಿಂತ ಹಗುರವಾದ ಕೆಲಸವಿಲ್ಲ. ಆಗಸ್ಟ್ ಎಂದರೆ ಮಲೆನಾಡಿನಲ್ಲಿ ಮಳೆ ಬಿಡದ ತಿಂಗಳು. ಹೀಗಾಗಿ ಈ ನಾಲ್ಕೂ ವರ್ಷ ಶಿವಮೊಗ್ಗದ ಹೆಸರು ಹೊತ್ತ ತಂಡ ಶಿವಮೊಗ್ಗದಲ್ಲಿ ಒಂದೂ ಲೀಗ್ ಪಂದ್ಯ ಆಡಲಿಲ್ಲ. ಭದ್ರಾವತಿ, ಶಿವಮೊಗ್ಗದ ಪ್ರೇಕ್ಷಕರು ತಮ್ಮ ತಂಡವನ್ನು ಟಿವಿಯಲ್ಲಿ ನೋಡಿದರು; ಮೈದಾನದಲ್ಲಿ ಕೂತು ನೋಡಲು ಅವರಿಗೆ ಸಿಗುವುದು ರಾಜ್ಯ ಸಂಸ್ಥೆ ನವುಲೆಗೆ ಹಂಚುವ ನಾಲ್ಕು ದಿನದ ಪಂದ್ಯ, ಅದು ಬಂದ ವರ್ಷ.